ಬಂದೂಕು ಜಮಾ, ಮಂದಿ ಜಮಾ

ಆಳಂದದ ಬಜಾರಿನಲ್ಲಿ ನಮ್ಮ ಪಾತ್ರೆ ಅಂಗಡಿಗೆ ಅಂಟಿಕೊಂಡೇ ಒಬ್ಬ ಸಿಂಪಿಗನ ಅಂಗಡಿ ಇದೆ. ಇವತ್ತು ಬೆಳಿಗ್ಗೆ ಅವನು ಹೊಲಿಗೆ ಮಷಿನ್ ಬಿಚ್ಚಿಕೊಂಡು ಎಣ್ಣೆ ಹಾಕುತ್ತಿದ್ದ. ಆ ವಾಸನೆ ಇತ್ತ ಬಂದದ್ದೇ ತಡ, ನನ್ನ ಪಕ್ಕದಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅತ್ತೆ ಮೂಗೆತ್ತಿ, "ನಿಮ್ಮ ಮಾಮಾ ಬಂದ್ರೇನು ಬೇ?" ಎಂದಳು.

ಗಾಬರಿಯಾಗಬೇಡಿ. ಅತ್ತೆಯ ಬುದ್ಧಿ ನೆಟ್ಟಗಿದೆ, ನನ್ನದಕ್ಕಿಂತ ನೆಟ್ಟಗಿದೆ. ಮಾಮಾ, ಅಂದರೆ ನನ್ನ ಸೋದರಮಾವ, ತೀರಿಕೊಂಡು ವರ್ಷದ ಮೇಲಾಯಿತು, ಆಮೇಲೆ ನಾನೇ ಹಟ ಹಿಡಿದು ಅವಳನ್ನು ನನ್ನ ಮನೆಗೆ ಕರೆದುಕೊಂಡು ಬಂದೆ. ಆದರೆ ಕರಜಗಿಯ ಅವರ ಮನೆಯಲ್ಲಿ ಈ ಎಣ್ಣೆ ಎರಡೇ ವಸ್ತುಗಳಿಗೆ ಬೀಳುತ್ತಿತ್ತು. ಒಂದು ಅತ್ತೆಯ ಹೊಲಿಗೆ ಮಷಿನ್, ಇನ್ನೊಂದು ಮಾಮಾನ ಬಂದೂಕು. ಅತ್ತೆ ಹನಿ ಲೆಕ್ಕದಲ್ಲಿ ಹಾಕುವವಳು, ಮಾಮಾ ಅಭಿಷೇಕದ ಲೆಕ್ಕದಲ್ಲಿ. ಡಬ್ಬಿ ಯಾಕೆ ಖಾಲಿಯಾಯಿತು ಎಂಬುದು ಅವರ ಸಂಸಾರದ ಖಾಯಂ ಜಗಳ.

ಬೇರೆ ದಿನವಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಇವತ್ತು ನಗಲಿಲ್ಲ. ಸಂಜೆಯೊಳಗೆ ಆ ಬಂದೂಕಿನ ಬಗ್ಗೆ ನಾನೊಂದು ಮಾತು ಹೇಳಲೇಬೇಕಿತ್ತು.

ಸಂಗತಿ ಹೀಗಿದೆ. ಲೈಸೆನ್ಸ್ ಇರುವ ಬಂದೂಕುಗಳನ್ನು ಚುನಾವಣೆ ಬಂದಾಗ ಪೊಲೀಸ್ ಠಾಣೆಗೆ ಒಪ್ಪಿಸಬೇಕು. ನಮ್ಮ ಕಡೆ ಅದಕ್ಕೆ "ಜಮಾ ಮಾಡೋದು" ಅನ್ನುತ್ತಾರೆ. ಹಿಂದಿನ ಚುನಾವಣೆಗೆ ಮಾಮಾ ತನ್ನದನ್ನು ಅಫಜಲಪುರದ ಠಾಣೆಯಲ್ಲಿ ಜಮಾ ಮಾಡಿದ, ವಾಪಸು ತರುವ ಮೊದಲೇ ಹೋಗಿಬಿಟ್ಟ. ಮಕ್ಕಳಿಲ್ಲ. ಅತ್ತೆಯ ಕೈ ನಡುಗುತ್ತದೆ. ಹಾಗಾಗಿ ಠಾಣೆಯವರು ನನಗೆ ಹೇಳಿಕಳಿಸಿದ್ದರು: ಬೇಕಿದ್ದರೆ ನಿಮ್ಮ ಹೆಸರಿಗೆ ಲೈಸೆನ್ಸ್ ಕೇಳಿ, ಬೇಡವಾದರೆ ಬೇಡವೆಂದು ಬರೆದುಕೊಡಿ. ಕುಕ್ಕರ್ ಮಾರುವುದೇ ಉದ್ಯೋಗವಾಗಿದ್ದರೂ ಅದರ ಸೀಟಿಗೆ ಇವತ್ತಿಗೂ ಬೆಚ್ಚಿಬೀಳುವ ಹೆಂಗಸು ನಾನು. ಬೇಡವೆಂದು ಬರೆದುಕೊಡಲು ನನಗೆ ಒಂದು ಗಳಿಗೆ ಸಾಕಿತ್ತು.

ಬರೆದುಕೊಡುವ ಮೊದಲೇ ನಿನ್ನೆ ಮಹಾಂತೇಶ ಬಂದ. ಎದುರಿಗಿರುವ ಬಟ್ಟೆ ಅಂಗಡಿಯ ಹುಡುಗ ಅವನು. ಹುಡುಗ ಅಂದೆ, ತಲೆ ಅರ್ಧ ಬೆಳ್ಳಗಾಗಿದೆ, ನನ್ನ ಕಣ್ಣೆದುರು ಬೆಳೆದವನಾದ್ದರಿಂದ ಹಾಗೆ ಬಾಯಿಗೆ ಬರುತ್ತದೆ. ಹೋದ ತಿಂಗಳು ಒಬ್ಬ ಮನುಷ್ಯ ಕುಡಿದು, ಯಾರ ಮೇಲಿನ ಸಿಟ್ಟೋ ಏನೋ, ಹಾಡುಹಗಲು ಅವರ ಅಂಗಡಿಗೆ ನುಗ್ಗಿ ಮಹಾಂತೇಶನ ಅಪ್ಪನ ಕುತ್ತಿಗೆಗೆ ಚಾಕು ಹಿಡಿದು ನಿಂತಿದ್ದ. ಮಹಾಂತೇಶ ಮಾಲು ತರಲು ಊರಾಚೆ ಹೋಗಿದ್ದ. ನಾನು ಮದುವೆ ಮನೆಯೊಂದಕ್ಕೆ ಪಾತ್ರೆ ಇಳಿಸಲು ಜೇವರ್ಗಿಗೆ ಹೋಗಿದ್ದೆ. ಓಣಿಯಲ್ಲಿ ಇದ್ದವರು ಏನು ಮಾಡಿದರೆಂದರೆ, ಪಟಪಟನೆ ಶಟರ್ ಎಳೆದುಕೊಂಡರು. ಪೊಲೀಸರು ಬಂದು ಅವನನ್ನು ಹಿಡಿಯುವ ತನಕ ಆ ಮುದುಕರು ಅವನ ಹಿಡಿತದಲ್ಲಿ ನಿಂತೇ ಇದ್ದರು. ಕುತ್ತಿಗೆಯ ಮೇಲೆ ಒಂದು ಗೆರೆ ಉಳಿದಿದೆ. ಅವತ್ತಿನಿಂದ ಅವರ ಮಾತೂ ಕಡಿಮೆಯಾಗಿದೆ.

"ಅಕ್ಕಾ, ಬಂದೂಕ ಬಿಡಬ್ಯಾಡ್ರಿ," ಎಂದ ಮಹಾಂತೇಶ. "ನಿಮ್ಮ ಹೆಸರಿಗೆ ಇರ್ಲಿ, ಓಣಿಗೆ ಆಗ್ಲಿ. ಇನ್ನೊಮ್ಮೆ ಯಾವನರ ಚಾಕು ತಗದ್ರ ನಮ್ಮ ಕೈಯಾಗೂ ಏನರ ಇರಬೇಕಲ್ಲ? ಪೊಲೀಸ್ರು ಬರೂತನಕ ನಮ್ಮಪ್ಪ ಹಂಗs ನಿಂದರಬೇಕೇನು?"

ಈ ಪ್ರಶ್ನೆಗೆ ಸುಮ್ಮನೆ ತಲೆಯಾಡಿಸಿ ಕಳಿಸಿಬಿಡಲು ಬರುವುದಿಲ್ಲ. ಅಪ್ಪನ ಕುತ್ತಿಗೆಯ ಗೆರೆಯನ್ನು ದಿನಾ ನೋಡುವವನು ಅವನು. ಓಣಿಯ ವ್ಯಾಪಾರಿಗಳೆಲ್ಲ ಅವನ ಮಾತಿಗೆ ಹೌದೆಂದಿದ್ದರು. ಸಂಜೆ ಅವನ ಅಂಗಡಿಯಲ್ಲಿ ಕೂಡುವುದು, ಅಲ್ಲಿ ನಾನು ಹೂಂ ಅಥವಾ ಊಹೂಂ ಅನ್ನುವುದು ಎಂದು ನಿಕ್ಕಿಯಾಗಿತ್ತು. ಹಾಗಾಗಿ ದಿನವಿಡೀ, ಮಟಕಿ ಊರಿನಿಂದ ಬಂದ ಗಿರಾಕಿಗಳಿಗೆ ಕೊಡ, ಹಂಡೆ ತೋರಿಸುತ್ತಲೇ, ನಾನು ಮಾಮಾನ ಜೊತೆ ಅಫಜಲಪುರದ ಬಸ್ ಸ್ಟ್ಯಾಂಡಿನಲ್ಲಿ ಇದ್ದೆ. ನಿಮ್ಮನ್ನೂ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಹೋಗುತ್ತೇನೆ, ಬೇಸರಿಸಬೇಡಿ.

ಭೀಮಾ ಹೊಳೆಯ ನೀರನ್ನು ಪಂಪಿನಿಂದ ಎತ್ತಲು ಹತ್ತಿದ ಮೇಲೆ ಕರಜಗಿಯ ಕಡೆ ಕಬ್ಬು ಹೆಚ್ಚಾಯಿತು. ಕಬ್ಬು ಹೆಚ್ಚಾದ ಮೇಲೆ ಕಾಡುಹಂದಿಗಳಿಗೆ ಅದೇ ಮನೆಯಾಯಿತು. ಮಾಮಾ ಬೆಳೆ ಕಾಯಲೆಂದು ಲೈಸೆನ್ಸ್ ಮಾಡಿಸಿ ಜೋಡುನಳಿಗೆ ಬಂದೂಕು ತಂದ. ಊರಲ್ಲಿ ಬಸಣ್ಣಗಳು ಬಹಳ ಇದ್ದುದರಿಂದ ಅವನು ಬಂದೂಕ ಬಸಣ್ಣ ಆದ. ಹೆಸರು ಕೇಳಿ ಹೆದರಬೇಡಿ. ಮಾಮಾ ಒಂದು ಹಂದಿಯನ್ನಾದರೂ ಹೊಡೆದದ್ದನ್ನು ಕಂಡವರಿಲ್ಲ. ಮೂರು ಹೊತ್ತೂ ಲಿಂಗಪೂಜೆ ಮಾಡುವ ಮನುಷ್ಯ, ಬದುವಿನ ಮೇಲೆ ನಿಂತು ಆಕಾಶಕ್ಕೆ ಒಂದು ಬಾರು ಹಾರಿಸುತ್ತಿದ್ದ, ಹಂದಿಗಳು ಪಕ್ಕದವರ ಹೊಲಕ್ಕೆ ಹೋಗುತ್ತಿದ್ದವು. ಪಕ್ಕದವರು ಬಂದು ಬೈಯುತ್ತಿದ್ದರು. ಹೀಗೆ ಎಲ್ಲ ವ್ಯವಸ್ಥಿತವಾಗಿ ನಡೆದಿತ್ತು.

ಆ ಬಂದೂಕಿಗೆ ಅತ್ತೆ ಒಂದು ಚೀಲ ಹೊಲಿದಿದ್ದಳು. ಹಳೆಯ ಇಳಕಲ್ ಸೀರೆಯ ತುಂಡುಗಳನ್ನೆಲ್ಲ ಕೂಡಿಸಿ, ಕೌದಿಯ ಹಾಗೆ ದಪ್ಪಗೆ, ಹಸಿರು, ಕೆಂಪು ಚೌಕಗಳು ಬರುವಂತೆ. ಬಾಯಿಗೆ ಲಾಡಿ. ಅದರೊಳಗೆ ಬಂದೂಕು ಇದೆಯೆಂದು ಹೆತ್ತ ತಾಯಿಯೂ ಹೇಳಲಾರಳು. ಮಾಮಾ ಅದನ್ನು ಹೆಗಲಿಗೇರಿಸಿ ಬಸ್ಸು ಹತ್ತಿದಾಗ ಕಂಡಕ್ಟರು, "ಅಜ್ಜಾರ, ತಂಬೂರಿ ತಗೊಂಡು ಎಲ್ಲಿಗ್ರಿ ಭಜನಿ?" ಎಂದು ಕೇಳಿದ್ದನ್ನು ನಾನೇ ಕೇಳಿದ್ದೇನೆ. "ಠಾಣೇದಾಗೈತಿ, ಬರ್ತೀಯೇನು?" ಎಂದ ಮಾಮಾ. ಕಂಡಕ್ಟರು ಇಡೀ ದಾರಿ ನಗುತ್ತಿದ್ದ.

ನಾನು ಹೇಳುವುದು ಅದೇ ದಿನದ ಮಾತು. ಆಗಿನದೂ ಒಂದು ಚುನಾವಣೆ, ಬಂದೂಕು ಜಮಾ ಮಾಡಲು ಮಾಮಾ ಹೊರಟಿದ್ದ. ಅತ್ತೆಗೆ ಪೇಟೆಯ ಕೆಲಸವಿತ್ತು. ನನಗೆ ಹೊಸದಾಗಿ ಮದುವೆಯಾಗಿತ್ತು, ತವರಿಗಿಂತ ಹೆಚ್ಚಾದ ಮಾಮಾನ ಮನೆಯಲ್ಲಿ ಉಂಡು ತಿಂದು ಆಳಂದಕ್ಕೆ ಮರಳುತ್ತಿದ್ದೆ. ಅಫಜಲಪುರದಲ್ಲಿ ಇಳಿದು, ಠಾಣೆಗೆ ಹೋಗುವ ಮೊದಲು ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ಕೂತೆವು. ಬಂದೂಕು ಖಾಲಿ ಇತ್ತು. ಕಾಡತೂಸುಗಳು ಅತ್ತೆಯ ಕೈಚೀಲದಲ್ಲಿ, ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಗಂಟಿನ ಕೆಳಗಿದ್ದವು.

ಮೊದಲು ಕೂಗು ಕೇಳಿಸಿತು. ನೋಡಿದರೆ ಸ್ಟ್ಯಾಂಡಿನ ನಟ್ಟನಡುವೆ ಒಬ್ಬ ಮನುಷ್ಯ ಇನ್ನೊಬ್ಬನ ಕೊರಳಪಟ್ಟಿ ಹಿಡಿದಿದ್ದಾನೆ, ಬಲಗೈಯಲ್ಲಿ ಕಬ್ಬು ಕಡಿಯುವ ಕೊಯ್ತಾ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಂತೆ, ಹೊಳೆಯಿಂದ ನೀರು ಎತ್ತುವ ಪೈಪಿನ ಜಗಳವಂತೆ. ಅವರ ಸುತ್ತ ಒಂದಿಷ್ಟು ಮಂದಿ, ಕೈ ಚಾಚಿದರೆ ಮುಟ್ಟುವಷ್ಟು ದೂರದಲ್ಲಿ. ನಮ್ಮ ಬಸ್ಸಿನ ಕಂಡಕ್ಟರು, ಒಬ್ಬ ಹಮಾಲಿ, ಮೆಣಸಿನಕಾಯಿ ಮಾರುವ ಒಬ್ಬ ಮುದುಕಿ, ಇನ್ನೂ ಯಾರು ಯಾರೋ. ಎಲ್ಲರೂ ಒಮ್ಮೆಲೇ ಮಾತಾಡುತ್ತಿದ್ದರು. "ಏ ತಮ್ಮಾ, ಕೆಳಗಿಡು." "ಬಿಡೋ ಯಣ್ಣಾ, ನಿಮ್ಮ ತಮ್ಮ ಅಲ್ಲೇನು?" "ಮಕ್ಕಳ ಮಾರಿ ನೋಡೋ." ಬರೀ ಮಾತು. ನನಗೆ ಅವರೆಲ್ಲ ದಂಡವೆನಿಸಿದರು.

ಯಾರೋ ಮಾಮಾನನ್ನು ಗುರುತು ಹಿಡಿದರು. "ಬಂದೂಕ ಬಸಣ್ಣೋರು ಅದಾರ್ರಿ ಇಲ್ಲೆ! ತಗೀರಿ ಸಾವ್ಕಾರ್ರ, ಹೊರಗ ತಗೀರಿ!"

ಎಲ್ಲರ ಕಣ್ಣೂ ನಮ್ಮ ಕಡೆ ತಿರುಗಿದವು. ನನ್ನ ಎದೆ ಉಬ್ಬಿತು, ಯಾಕೆ ಸುಳ್ಳು ಹೇಳಲಿ. ನಮ್ಮ ಮಾಮಾ ಎದ್ದ, ಇನ್ನೇನು ಎಲ್ಲ ಮುಗಿಯಿತು ಎಂದುಕೊಂಡೆ. ಮಾಮಾ ಲಾಡಿಗೆ ಕೈ ಹಾಕಿದ. ಅತ್ತೆ ಹಾಕಿದ ಗಂಟು, ಸುಲಭಕ್ಕೆ ಬಿಚ್ಚುವಂಥದಲ್ಲ. ಹಲ್ಲಿನಿಂದ ಕಚ್ಚಿ ಎಳೆದ. ಕೌದಿಯ ಚೀಲದಿಂದ ಬಂದೂಕು ಹೊರಬಂತು, ಮಾಮಾ ಅದನ್ನು ಹೆಗಲಿಗೆ ಹಚ್ಚಿ, "ಬಿಡಲೇ ಅವನ್ನ!" ಎಂದು ಗುಡುಗಿದ.

ಆಮೇಲೆ ನಡೆದದ್ದನ್ನು ನಾನು ಇವತ್ತಿಗೂ ಕಣ್ಣು ಮುಚ್ಚಿದರೆ ನೋಡಬಲ್ಲೆ. ಕೊಯ್ತಾ ಹಿಡಿದವನು ಬಿಡಲಿಲ್ಲ. ಜಾಗ ಬಿಟ್ಟವರು ಸುತ್ತ ನಿಂತಿದ್ದ ಮಂದಿ. ಕಂಡಕ್ಟರು ಬಸ್ಸಿನ ಹಿಂದೆ ಹೋದ, ಹಮಾಲಿ ಹೋದ, ಮುದುಕಿ ಬುಟ್ಟಿ ಬಿಟ್ಟು ಹೋದಳು. ಚಪ್ಪಲಿಗಳು ಮಾತ್ರ ಉಳಿದವು. ಬಂದೂಕಿನ ಎದುರು ಯಾರು ನಿಲ್ಲುತ್ತಾರೆ ಹೇಳಿ? ಒಂದು ಗಳಿಗೆಯಲ್ಲಿ ಆ ಸ್ಟ್ಯಾಂಡಿನ ನಡುವೆ ಅವರಿಬ್ಬರೇ ಉಳಿದರು, ಸುತ್ತ ಯಾರ ದನಿಯೂ ಇಲ್ಲ. ಅವನು ಅತ್ತಿತ್ತ ನೋಡಿದ. ಅಲ್ಲಿಯ ತನಕ ಸಿಟ್ಟಿನಲ್ಲಿದ್ದವನ ಮುಖದ ಮೇಲೆ ಈಗ ಹೆದರಿಕೆ ಕಂಡಿತು. ತಮ್ಮನನ್ನು ಎಳೆದು ತನ್ನ ಮುಂದೆ ಅಡ್ಡ ಹಿಡಿದುಕೊಂಡು, "ಹೊಡೀರಿ! ಹೊಡೀರಿ ನೋಡೋಣ!" ಎಂದು ಚೀರಿದ. ಆ ಎಳೆದಾಟದಲ್ಲಿ ಕೊಯ್ತಾ ತಮ್ಮನ ತೋಳಿಗೆ ಬಿತ್ತು. ಬಿಳಿ ಅಂಗಿ ಕೆಂಪಾಯಿತು.

ಮಾಮಾ ತಿರುಗದೆಯೇ ಕೈ ಹಿಂದಕ್ಕೆ ಚಾಚಿದ. "ಕೊಡ ಬೇ."

ಅತ್ತೆ ಅಷ್ಟರಲ್ಲಿ ರೊಟ್ಟಿಯ ಗಂಟು ಸರಿಸಿ ಆಗಿತ್ತು. ಒಂದು ಕಾಡತೂಸನ್ನು ಅವನ ಅಂಗೈಯಲ್ಲಿ ಇಟ್ಟಳು. ನೀವು ಬಂದೂಕು ಕಂಡವರಲ್ಲದಿದ್ದರೆ ಒಂದು ಮಾತು ಹೇಳಬೇಕು. ಅಂಥ ಕಾಡತೂಸಿನೊಳಗೆ ಒಂದೇ ಗುಂಡು ಇರುವುದಿಲ್ಲ, ಜೋಳದ ಕಾಳಿನಂಥ ಛರ್ರಾ ತುಂಬಿರುತ್ತವೆ. ದೂರ ಹೋದಷ್ಟೂ ಅಗಲವಾಗಿ ಚೆಲ್ಲುತ್ತವೆ. ಆ ಇಬ್ಬರ ಹಿಂದೆ, ಜೇವರ್ಗಿಯ ಬಸ್ಸಿಗೆ ಕಾದು ಕೂತ ಹೆಂಗಸರು, ಕೂಸುಗಳು, ಓಡಲೂ ಆಗದೆ ಹಾಗೇ ಕೂತಿದ್ದರು. ಮಾಮಾ ಅವರನ್ನು ನೋಡಿದ. ತೋಳಿನ ರಕ್ತ ನೋಡಿದ. ಕಾಡತೂಸನ್ನು ಜೇಬಿಗೆ ಹಾಕಿಕೊಂಡ.

ಖಾಲಿ ಬಂದೂಕನ್ನು ನಡುವಿನ ಕೀಲಿನಲ್ಲಿ ಮಡಚಿ ಅತ್ತೆಯ ಕೈಗೆ ಕೊಟ್ಟ. ಎರಡೂ ಕೈ ಮೇಲೆತ್ತಿ, ಪ್ರತಿ ಸೋಮವಾರ ಭಜನೆ ಹೇಳುವ ದನಿಯಲ್ಲಿ ಕೂಗಿದ, "ಏ ಮಂದಿ, ಎಲ್ಲಿಗೆ ಹೋದ್ರಿ? ಬಂದೂಕ ಇಟ್ಟೇನಿ! ಜಮಾ ಆಗ್ರಿ, ಜಮಾ!"

ಇಂಥ ಹೊತ್ತಿನಲ್ಲೂ ನಮ್ಮ ಕಡೆಯವರಿಂದ ಒಂದು ತಪ್ಪು ಆಗಬೇಕಲ್ಲ? ಬಸ್ಸಿನ ಹಿಂದಿನಿಂದ ಒಬ್ಬ ತಲೆ ಹಾಕಿ, "ಜಮಾ ಮಾಡೋದು ಇಲ್ಲೆ ಅಲ್ರಿ ಸಾವ್ಕಾರ್ರ, ಠಾಣೇದಾಗ! ಬಾಜೂ ರಸ್ತಾಕ್ಕ ಹೋಗ್ರಿ!" ಎಂದ. ಅವನಿಗೆ ಚುನಾವಣೆಯ ಜಮಾ ತಲೆಯಲ್ಲಿತ್ತು.

"ಲೇ, ಬಂದೂಕ ಅಲ್ಲೋ, ನೀವು ಜಮಾ ಆಗ್ರೋ!" ಎಂದ ಮಾಮಾ. ಎಲ್ಲಿಂದಲೋ ಯಾರೋ ನಕ್ಕರು.

ಮೊದಲು ಬಂದವಳು ಮೆಣಸಿನಕಾಯಿ ಮುದುಕಿ. ಅವಳು ಬಂದದ್ದು ತನ್ನ ಬುಟ್ಟಿಗಾಗಿ ಎಂದು ಅತ್ತೆ ಈಗಲೂ ವಾದಿಸುತ್ತಾಳೆ. ಇರಲಿ, ಬಂದಳು. ಬುಟ್ಟಿಯ ಹತ್ತಿರ ಕೂತು, ಕೊಯ್ತಾದವನ ಕಡೆ ಮುಖ ಎತ್ತಿ, "ಮುಂಜಾನಿಂದ ಏನರ ಉಂಡೀಯೇನೋ ಯಪ್ಪಾ?" ಎಂದು ಕೇಳಿದಳು. ಆಮೇಲೆ ಹಮಾಲಿ ಬಂದ, ಕಂಡಕ್ಟರು ಬಂದ, ಮಾಮಾ ಕೈಗಳನ್ನು ಎತ್ತಿಕೊಂಡೇ ಹತ್ತಿರ ಹೋದ. ಮತ್ತೆ ಅದೇ ದಂಡದ ಮಾತುಗಳು ಶುರುವಾದವು. "ಇಲ್ಲವಾ, ಉಂಡಿಲ್ಲ," ಎಂದ ಅವನು, ಮುದುಕಿಗೆ. ಅಷ್ಟು ಹೇಳುವಾಗ ತೋಳು ಸಡಿಲಾಯಿತು, ಹಮಾಲಿ ಮಣಿಕಟ್ಟು ಹಿಡಿದ. ಕೊಯ್ತಾ ಕೆಳಗೆ ಬಿದ್ದ ಸದ್ದು ಕೇಳಿದ ಮೇಲೆ ಆ ಮನುಷ್ಯ ಕೂತು ಕೂಸಿನ ಹಾಗೆ ಅತ್ತ. ಗಾಯವಾದ ತಮ್ಮನನ್ನು ಒಂದು ಜೀಪಿನಲ್ಲಿ ದವಾಖಾನೆಗೆ ಕಳಿಸಿದರು. ತೋಳು ಉಳಿಯಿತು. ಕಿರುಬೆರಳು ಮಡಚಲು ಬರುವುದಿಲ್ಲವೆಂದು ಆಮೇಲೆ ತಿಳಿಯಿತು.

ಠಾಣೆಯಲ್ಲಿ ಪೊಲೀಸಿನವರು ಮಾಮಾನನ್ನು ಬೈದರು. ಗುಂಡು ಹಾರಿದ್ದರೆ ಕೊಯ್ತಾದವನ ಬಾಜೂಕ ನಿನ್ನನ್ನೂ ಕೂರಿಸಬೇಕಾಗುತ್ತಿತ್ತು ಎಂದರು. "ಖರೇ ಐತ್ರಿ," ಎಂದು ಒಪ್ಪಿಕೊಂಡು ಬಂದೂಕು ಜಮಾ ಮಾಡಿ ಬಂದ.

ಅಲ್ಲಿಂದ ಶುರುವಾದ ವಾದ ಮಾಮಾ ಸಾಯುವ ತನಕ ಆ ಮನೆಯಲ್ಲಿ ನಡೆಯಿತು. ನಾನು ಹೋದಾಗಲೆಲ್ಲ ಊಟದ ಜೊತೆ ಅದನ್ನೂ ಬಡಿಸುತ್ತಿದ್ದರು. ಆಕಾಶಕ್ಕೊಂದು ಬಾರು ಹಾರಿಸಿದ್ದರೆ ಆ ತೋಳಿಗೆ ಗಾಯವಾಗುತ್ತಿರಲಿಲ್ಲ ಎಂದು ಅತ್ತೆ. ಬಂದೂಕು ಹೊರಗೆ ತೆಗೆಯದೇ ಇದ್ದಿದ್ದರೆ ಆಗುತ್ತಿರಲಿಲ್ಲ ಎಂದು ಮಾಮಾ.

"ಅವರು ಅವನ ಸುತ್ತ ಬ್ಯಾಲಿಯಂಗ ನಿಂತಿದ್ರು," ಎನ್ನುತ್ತಿದ್ದ. "ನಾ ಬಂದೂಕ ತಗದು ಬ್ಯಾಲಿ ಕಿತ್ತೆ. ಹಂದಿ ಚದರಿಸಾಕ ತಂದಿದ್ದು ಅದು. ಅಲ್ಲಿ ಮಂದೀನ್ನ ಚದರಿಸ್ತು."

"ಮಂದಿ ತಿರುಗಿ ಬರ್ಲಿಲ್ಲಂದ್ರ ಏನ್ ಮಾಡ್ತಿದ್ರಿ?"

"ನಾ ಒಬ್ಬನs ಹೋಗ್ತಿದ್ದೆ. ಬರೇ ಕೈಲೆ."

"ಹೋಗಿ ಸಾಯ್ತಿದ್ರಿ."

"ಸಾಯ್ತಿದ್ನೇನೋ," ಎನ್ನುತ್ತಿದ್ದ ಮಾಮಾ, ರೊಟ್ಟಿ ಮುರಿಯುತ್ತ. ಅಲ್ಲಿಗೆ ಅತ್ತೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಮಾಮಾನನ್ನು ನಾನು ಸಂತ ಮಾಡುತ್ತಿಲ್ಲ. ಆ ಚುನಾವಣೆ ಮುಗಿದದ್ದೇ ಹೋಗಿ ಬಂದೂಕು ಬಿಡಿಸಿಕೊಂಡು ಬಂದ, ಮತ್ತೆ ಆಕಾಶಕ್ಕೆ ಹೊಡೆಯಲು ಹತ್ತಿದ. ಮಹಾನವಮಿಯ ಖಂಡೆ ಪೂಜೆಗೆ ಕುಡುಗೋಲು, ಹೊಲಿಗೆ ಮಷಿನ್‌ಗಳ ಸಾಲಿನಲ್ಲಿ ಅದನ್ನೂ ಇಟ್ಟು ವಿಭೂತಿ ಹಚ್ಚುತ್ತಿದ್ದ. ಹೊಲಕ್ಕೆ ಬಂದೂಕು ಬೇಕು ಎನ್ನುವುದರಲ್ಲಿ ಅವನಿಗೆ ಯಾವ ಅನುಮಾನವೂ ಇರಲಿಲ್ಲ. ಮಂದಿ ಇರುವಲ್ಲಿ ಬೇಡ ಎನ್ನುವುದರಲ್ಲೂ ಇರಲಿಲ್ಲ. ಅದು ಅವನಿಗೆ ಒಂದು ತೋಳಿನ ರಕ್ತ ನೋಡಿ ತಿಳಿದ ಮಾತು, ನಾನು ಪಕ್ಕದಲ್ಲಿ ನಿಂತು ನೋಡಿದವಳು. ಹಾಗಾಗಿ ಮಧ್ಯಾಹ್ನದ ಹೊತ್ತಿಗೇ ನನ್ನ ಉತ್ತರ ಗಟ್ಟಿಯಾಗಿತ್ತು.

ಸಂಜೆ ಮಹಾಂತೇಶನ ಅಂಗಡಿಯ ಗಾದಿಯ ಮೇಲೆ ಓಣಿಯ ವ್ಯಾಪಾರಿಗಳೆಲ್ಲ ಕೂತರು. ಚಹಾ ಬಂತು. ಮಹಾಂತೇಶನ ಅಪ್ಪ ಮೂಲೆಯಲ್ಲಿ ಧೋತರದ ಥಾನುಗಳಿಗೆ ಒರಗಿ, ಎಂದಿನಂತೆ ಸುಮ್ಮನೆ ಕೂತಿದ್ದರು. ನಾನು ಬಂದೂಕು ತರುವುದಿಲ್ಲ ಎಂದೆ. ಯಾಕೆಂದು ಅಫಜಲಪುರದ ಕಥೆ ಹೇಳಿದೆ. ಜಮಾದ ಮಾತಿಗೆ ಎಲ್ಲರೂ ನಕ್ಕರು, ಒಬ್ಬ ಮಹಾಂತೇಶ ನಗಲಿಲ್ಲ.

"ಅಕ್ಕಾ, ನಿಮ್ಮ ಮಾಮಾ ಕರದ್ರು, ಮಂದಿ ಬಂದ್ರು," ಎಂದ. "ಇಲ್ಲಿ ಯಾರು ಬಂದ್ರು ಹೇಳ್ರಿ? ಇಲ್ಲಿ ಶಟರ್ ಬಿದ್ವು. ಅದಕ್ಕs ಕೇಳಾಕತ್ತೇನಿ."

ಗಾದಿಯ ಮೇಲಿದ್ದವರು ಚಹಾದ ಲೋಟಗಳನ್ನು ನೋಡಿಕೊಂಡರು. ಮಾಮಾ ಬದುಕಿದ್ದರೂ ಇದಕ್ಕೆ ಏನೆನ್ನುತ್ತಿದ್ದನೋ.

ಆಗ ಮೂಲೆಯಿಂದ ದನಿ ಬಂತು. "ತಮ್ಮಾ, ಬಂದೂಕ ಇದ್ರ ನೀ ಎಲ್ಲಿ ನಿಂದರ್ತಿದ್ದಿ?"

ಮಹಾಂತೇಶ ಅಪ್ಪನ ಕಡೆ ತಿರುಗಿದ. "ಬಾಗಲ್ದಾಗ, ಅಪ್ಪಾ."

"ಅವ ನನ್ನ ಮುಂದ ಮಾಡ್ಕೊಂಡು ನಿಂತಿದ್ದ," ಎಂದರು ಮುದುಕರು. ಕುತ್ತಿಗೆಯ ಗೆರೆಯ ಮೇಲೆ ಕೈ ಹೋಯಿತು. "ನಿನ್ನ ಗುಂಡು ಮೊದಲ ನನ್ನ ಕಡೇನs ಬರ್ತಿತ್ತು."

ತಿಂಗಳಿನಿಂದ ಒಳಗೇ ಇಟ್ಟುಕೊಂಡಿದ್ದನ್ನು ಅವರು ನಿಧಾನವಾಗಿ ಹೊರಗೆ ತೆಗೆದರು. "ಆ ಹೊತ್ತಿನ್ಯಾಗ ನನಗ ಬಂದೂಕ ನೆನಪಾಗ್ಲಿಲ್ಲ. ಯಾರರ ಒಬ್ರು ನನ್ನ ಹೆಸರು ಹಿಡಿದು ಒದರ್ತಾರೇನು ಅಂತ ಕಿವಿಗೊಟ್ಟು ನಿಂತಿದ್ದೆ. ಇದ್ದೇವಿ ಅಂತ ಅವನಿಗೂ ತಿಳೀತಿತ್ತು, ನನಗೂ ತಿಳೀತಿತ್ತು. ಬರೇ ಶಟರ್ ಸಪ್ಪಳ ಕೇಳಿಸ್ತು."

ನಾನು ಅವತ್ತು ಊರಲ್ಲಿರಲಿಲ್ಲ, ನಿಜ. ಇದ್ದಿದ್ದರೆ ಖಂಡಿತ ಕೂಗುತ್ತಿದ್ದೆ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಏನೆಂದು ಕೂಗುತ್ತಿದ್ದೆ? ನನ್ನ ಮದುವೆಯಾದಾಗಿನಿಂದ ಎದುರಿನ ಅಂಗಡಿಯಲ್ಲಿ ಕೂತ ಈ ಮನುಷ್ಯ ನನಗೆ ಬಟ್ಟೆಯಂಗಡಿ ಕಾಕಾ. ಸಿಂಪಿಗನಿಗೂ ಕಾಕಾ, ಕಿರಾಣಿಯವನಿಗೂ ಕಾಕಾ. ಹಿರಿಯರ ಹೆಸರು ಹಿಡಿಯಬಾರದು ಎಂಬ ಮರ್ಯಾದೆಯಲ್ಲಿ ನಾವು ಯಾರೂ ಅದನ್ನು ಕೇಳಿಕೊಂಡೇ ಇರಲಿಲ್ಲ. ಗಾದಿಯ ಮೇಲೆ ಇದ್ದವರ ಮುಖಗಳನ್ನು ನೋಡಿದೆ, ಎಲ್ಲರೂ ಅದನ್ನೇ ಹುಡುಕುತ್ತಿದ್ದರು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು.

"ಕಾಕಾ, ನಿಮ್ಮ ಹೆಸರೇನ್ರಿ?" ಎಂದು ಕೇಳಿದೆ.

ಮುದುಕರು ನನ್ನನ್ನು ನೋಡಿದರು, ಆಮೇಲೆ ಮಗನನ್ನು ನೋಡಿದರು. "ಚನ್ನಮಲ್ಲಪ್ಪ," ಎಂದರು.

ನಾಳೆ ಬೆಳಗಿನ ಬಸ್ಸಿಗೆ ಅಫಜಲಪುರಕ್ಕೆ ಹೋಗಿ ಬಂದೂಕು ಬೇಡವೆಂದು ಬರೆದುಕೊಟ್ಟು ಬರುತ್ತೇನೆ. ಅದು ನಾಳೆಯ ಕೆಲಸ. ಇವತ್ತಿನದನ್ನು ಇವತ್ತೇ ಮಾಡಿದೆ. ಗಾದಿಯಿಂದ ಇಳಿದು, ರಸ್ತೆ ದಾಟಿ, ನನ್ನ ಅಂಗಡಿಯ ಕಟ್ಟೆಯ ಮೇಲೆ ನಿಂತು, ಬಜಾರಿನ ಮಂದಿಯೆಲ್ಲ ತಿರುಗಿ ನೋಡುವ ಹಾಗೆ, ಆ ಹೆಸರನ್ನು ಒಮ್ಮೆ ಗಂಟಲು ಬಿಚ್ಚಿ ಕೂಗಿದೆ. ಗಾದಿಯ ಮೇಲಿದ್ದ ಸಿಂಪಿಗ ರಸ್ತೆ ದಾಟಿ ಓಡಿ ಬಂದ, ಕಿರಾಣಿಯವನು ಬಂದ, ಅತ್ತೆ ಹುಣಸೆಹಣ್ಣು ಬಿಟ್ಟು ಬಂದಳು. ಎಲ್ಲರಿಗಿಂತ ತಡವಾಗಿ ಎದುರಿನ ಅಂಗಡಿಯ ಬಾಗಿಲಿಗೆ ಮಗನ ಹೆಗಲು ಹಿಡಿದು ಮುದುಕರು ಬಂದು ನಿಂತು, ಅಲ್ಲಿಂದಲೇ, "ಓ, ಇದ್ದೇನಿ ಬೇ," ಎಂದರು.